ಅಪ್ಪನಿಗೆ ಕಲಿಸಿದ ಎಣಿಕೆ

ಡಾಕ್ಟರು ಹಾಗೆ ಹೇಳಿರಲಿಲ್ಲ. ಅದು ನಾನು ಕಟ್ಟಿದ ಸುಳ್ಳು. ಲಕ್ವಾ ಹೊಡೆದು ಎದ್ದ ನನ್ನ ಅಪ್ಪನಿಗೆ ‘ನೆನಪಿನ ವ್ಯಾಯಾಮ’ ಎಂದು ಹೇಳಿ ನಾನು ಕಲಿಸಿದ್ದು ಜೂಜಿನ ವಿದ್ಯೆ—ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಾಟದಲ್ಲಿ, ಬಿದ್ದ ಎಲೆ ಎಣಿಸಿ ಉಳಿದವನ್ನು ಊಹಿಸುವ ವಿದ್ಯೆ. ಅಪ್ಪನಿಗೆ ಅದರಿಂದ ಒಳ್ಳೆಯದೇ ಆಯಿತು. ಆ ಸುಳ್ಳಿನ ಭಾರ ಹೊತ್ತವನು ಪ್ರಕಾಶ ಕಾಕಾ. ಅವನು ಹೊರುತ್ತಿದ್ದುದನ್ನು ನಾನು ನೋಡುತ್ತಿದ್ದೆ—ನೋಡುತ್ತಲೇ ಇದ್ದೆ.

ಅಪ್ಪ ಭಾಲ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಾಕಾ ಅವರ ಒಬ್ಬನೇ ತಮ್ಮ. ಅವನು ಗೋವಾಕ್ಕೆ ಹೋಗಿ ಜೂಜಿನ ಹಡಗೊಂದರಲ್ಲಿ ಎಲೆ ಹಂಚುವ ನೌಕರಿಗೆ ಸೇರಿದ. ಆಡುವವನಲ್ಲ, ಹಂಚುವವನು, ತಿಂಗಳ ಪಗಾರಿನವನು. ಅಪ್ಪನಿಗೆ ಆ ವ್ಯತ್ಯಾಸ ಕಾಣಲಿಲ್ಲ. ಮೊದಲ ರಜೆಗೆ ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, “ಎಲಿ ಹಂಚೋ ಕೈಲಿ ನನ್ನ ಮನ್ಯಾಗ ನೀರ ಸುದ್ದಾ ಮುಟ್ಟಬ್ಯಾಡ” ಅಂದರು. ಊರ ಬಾವಿಕಟ್ಟೆಯ ಮೇಲೆ ನಮ್ಮ ಅಜ್ಜ ಮೇಲ್ಜಾತಿಯವರಿಂದ ಕೇಳಿಸಿಕೊಂಡದ್ದೂ ಇಂಥದೇ ಮಾತು. ಅಪ್ಪನಿಗೆ ಅದು ನೆನಪಾಯಿತೋ ಇಲ್ಲವೋ—ಕೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಕಾಕಾ ಮರು ಬಸ್ಸಿಗೇ ಹೋದ. ಮುಂದೆ ಗೋವಾ ಬಿಟ್ಟು ಬಂದು, ಮದುವೆಯಾಗಿ, ಔರಾದಿನಲ್ಲಿ ಝೆರಾಕ್ಸ್ ಅಂಗಡಿ ಹಾಕಿದ. ಆದರೂ ಹದಿನೆಂಟು ವರ್ಷ ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ.

ನಾನು ಬೀದರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ; ಅಪ್ಪ ಇರುವುದೂ ನನ್ನ ಜೊತೆಗೇ. ಕಾಕಾ ಗೋವಾದಲ್ಲಿ ಏನು ಮಾಡುತ್ತಿದ್ದಿರಬಹುದು ಎಂಬ ಕುತೂಹಲಕ್ಕೆ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಹುಡುಕಿದೆ. ಎಲೆ ಎಣಿಸುವ ತಾಲೀಮು ಕೊಡುವ ಒಂದು ಜಾಲತಾಣ ಸಿಕ್ಕಿತು. ಪರದೆಯ ಮೇಲೆ ಎಲೆಗಳು ಒಂದೊಂದಾಗಿ ಬಿದ್ದು ಮಾಯವಾಗುತ್ತವೆ. ಎರಡರಿಂದ ಆರರವರೆಗಿನ ಎಲೆ ಬಂದರೆ ಒಂದು ಕೂಡಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯಬೇಕು. ಏಳು, ಎಂಟು, ಒಂಬತ್ತನ್ನು ಹಾಗೇ ಬಿಡಬೇಕು. ನಡುನಡುವೆ ‘ಈಗ ಎಷ್ಟು?’ ಎಂದು ಕೇಳುತ್ತದೆ. ತಪ್ಪಿದರೆ ಕೆಂಪು, ಸರಿಯಾದರೆ ಹಸಿರು. ಸರಿ ಹೇಳಿದಷ್ಟೂ ಎಲೆಗಳ ವೇಗ ಹೆಚ್ಚುತ್ತದೆ. ಒಂದು ರೂಪಾಯಿಯನ್ನೂ ಹಚ್ಚಿ ಆಡಿದವಳಲ್ಲ ನಾನು. ಆದರೆ ಐವತ್ತೆರಡು ಎಲೆ ಮುಗಿದು ಲೆಕ್ಕ ಸರಿಯಾಗಿ ಸೊನ್ನೆಗೆ ಬಂದು ನಿಂತಾಗ—ಅದೊಂದು ಸುಖ. ಹೇಗೆ ಹೇಳಲಿ—ಚಾಚಿದ ಕಾಲಿಗೆ ನೆಲ ಸಿಕ್ಕ ಹಾಗೆ.

ಅಪ್ಪನಿಗೆ ಲಕ್ವಾ ಆದದ್ದು ನಾಲ್ಕು ವರ್ಷದ ಹಿಂದೆ. ಕೈಕಾಲು ತಿಂಗಳಲ್ಲಿ ಮರಳಿದವು, ಅಂಕಿಗಳು ಮರಳಲಿಲ್ಲ. “ಹದಿಮೂರ ಮೂರ್ಲೆ...” ಎಂದು ಶುರುಮಾಡಿ ನಿಂತುಬಿಡುತ್ತಿದ್ದರು. ಕಣ್ಣಲ್ಲಿ ನೀರು. ಡಾಕ್ಟರು ಹೇಳಿದ್ದು ಇಷ್ಟೇ: “ಲೆಕ್ಕ-ಗಿಕ್ಕ ಹಗೂರಕ ಮಾಡಸ್ರಿ. ಒತ್ತಾಯ ಮಾಡಬ್ಯಾಡ್ರಿ.”

ಒಂದು ದಿನ ನಾನು ತಾಲೀಮು ಮಾಡುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತಿದ್ದರು.

“ಏನವ್ವ ಇದು? ಇಸ್ಪೀಟ್ ಏನು?”

“ಡಾಕ್ಟರ್ ಹೇಳ್ಯಾರ್ರಿ ಅಪ್ಪಾ. ನೆನಪಿನ ವ್ಯಾಯಾಮ. ನಿಮಗ ಕಲಸ್ಬೇಕಂತ ನಾ ಮೊದಲ ನೋಡ್ಲತ್ತೀನಿ.”

ಬಾಯಿಂದ ಬಂದೇಬಿಟ್ಟಿತು. ಅಪ್ಪ ಡಾಕ್ಟರ ಮಾತು ಮೀರುವವರಲ್ಲ, ಪಕ್ಕದಲ್ಲಿ ಕುಳಿತರು. ಮೊದಮೊದಲು ಐದು ಎಲೆಗೆ ದಾರಿ ತಪ್ಪುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಇಪ್ಪತ್ತು ಎಲೆ ದಾಟಿದರು. ಆರು ತಿಂಗಳಿಗೆ ಇಡೀ ಕಟ್ಟು. ಹದಿಮೂರರ ಮಗ್ಗಿ ತಾನಾಗಿ ಮರಳಿತು. ಸಂಜೆ ಚಹಾ ಕುಡಿದು ಇಬ್ಬರೂ ಕೂತರೆ, ಪರದೆ ಹಸಿರಾದಾಗಲೆಲ್ಲ ಅಪ್ಪ ನನ್ನ ಬೆನ್ನಿಗೆ ಗುದ್ದಿ ನಗುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ದಿನಗಳು ಕಡಿಮೆ. ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ, ಸುಳ್ಳಾಡುವುದಿಲ್ಲ ಎಂಬ ಶೀಲವನ್ನು ಅವರ ಪಕ್ಕದಲ್ಲೇ ಕೈಮುಗಿದು ಹೇಳುತ್ತಿದ್ದೆ—ಅದನ್ನೂ ಇಲ್ಲಿ ಬರೆದಿಡಬೇಕು.

ಮುಂದಿನ ವರ್ಷ ಖಟಕ ಚಿಂಚೋಳಿಯಲ್ಲಿ ಬಳಗದವರ ಮದುವೆ. ಊಟಕ್ಕೆ ಇನ್ನೂ ಹೊತ್ತಿತ್ತು. ಅಪ್ಪ ನಾಲ್ಕು ಜನರ ನಡುವೆ ಕುಳಿತು ಡಾಕ್ಟರ ಹೊಸ ವ್ಯಾಯಾಮದ ಗುಣಗಾನ ಮಾಡಿ, ಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದರು. ನನಗೂ ಹೇಳದೆ ಕೊಂಡುಕೊಂಡಿದ್ದರು! ಆದರೆ ಯಾರೂ ಅವರಿಗೆ ಬೇಕಾದಷ್ಟು ಬೇಗ ಎಲೆ ಹಾಕಲಾರರು. ಪೆಂಡಾಲಿನ ಕಂಬಕ್ಕೊರಗಿ ಕಾಕಾ ನಿಂತಿದ್ದ. ಅಪ್ಪನ ಕಣ್ಣು ಅವನ ಮೇಲೆ ಹೋಯಿತು.

“ಏ ಪ್ರಕಾಶ, ಬಾ ಇಲ್ಲಿ. ನೀನೇ ಹಂಚು.”

ಕಾಕಾ ಬಂದು ಕುಳಿತ. ಒಂದು ಎಲೆ ಬೋರಲು ಬದಿಗಿಟ್ಟು, ಉಳಿದವನ್ನು ಒಂದೊಂದಾಗಿ ತೆರೆಯತೊಡಗಿದ. ಏನು ಕೈ ಅದು! ಅಪ್ಪನ ತುಟಿ ಅಲುಗುತ್ತಿತ್ತು. ಹತ್ತನೆಯ ಎಲೆಯೋ ಹನ್ನೆರಡನೆಯದೋ—ಕಾಕಾನ ಕೈ ಒಂದು ಕ್ಷಣ ನಿಂತಿತು. ತಲೆಯೆತ್ತಿ ನೇರ ನನ್ನನ್ನು ನೋಡಿದ. ವರ್ಷಗಟ್ಟಲೆ ಕದ್ದು ಎಲೆ ಎಣಿಸುವವರ ಇಂಥ ತುಟಿಗಳನ್ನೇ ಕಾಯುವ ಕೆಲಸ ಮಾಡಿದವನು—ಅವನಿಗೆ ತಿಳಿಯದೆ ಇದ್ದೀತೆ? ಮತ್ತೆ ಹಂಚಿದ.

“ಲೆಕ್ಕ ಒಂದು ಹೆಚ್ಚಾಯ್ತು. ಹಂಗಾದ್ರ ಬೋರಲ ಇದ್ದದ್ದು ದೊಡ್ಡ ಎಲಿ” ಅಂದರು ಅಪ್ಪ. ಕಾಕಾ ತಿರುಗಿಸಿದ. ರಾಣಿ. ಜನ ಚಪ್ಪಾಳೆ ತಟ್ಟಿದರು. ಅಪ್ಪ ತಮ್ಮನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಅಂದರು: “ಈ ಕೈ ಇಷ್ಟು ವರ್ಷ ಕೆಟ್ಟ ಕೆಲಸಕ್ಕ ಹೋಗಿತ್ತು. ಇವತ್ತ ಚಲೋ ಕೆಲಸಕ್ಕ ಬಂತು. ಮಾಫ್ ಮಾಡೀನಿ. ನಡಿ, ಊಟ ಮಾಡಮು.”

“ಆಯ್ತಣ್ಣಾ” ಅಂದ ಕಾಕಾ.

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವರಿಬ್ಬರೂ ಜೊತೆಯಲ್ಲಿ ಉಣ್ಣುವುದನ್ನು ನೋಡಿ ನನಗೆ ಸಂತೋಷವೇ ಆಗಿತ್ತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಔರಾದ್ ಬಸ್ಸು. ಕಾಕಾ ಹಂಚುವುದು, ಅಪ್ಪ ಎಣಿಸುವುದು, ಅವನ ಹೆಂಡತಿ, ನಮ್ಮ ಕಾಕು, ಮಾಡಿಕೊಟ್ಟ ಚಹಾ. ಒಮ್ಮೆ ಅಂಗಡಿಯ ಹೊರಗೆ ಕಾಕಾನನ್ನು ಕೇಳಿದೆ, “ಹೇಳಿಬಿಡ್ಲೇನು ಕಾಕಾ?”

“ಬ್ಯಾಡ ಬೇಟಾ. ಹದಿನೆಂಟು ವರ್ಷದ ಮ್ಯಾಲ ಅಣ್ಣ ನನ್ನ ಹೆಸರ ಹಿಡದು ಕರದಾನ. ಇರ್ಲಿ ಬಿಡು.”

ಆ ‘ಇರ್ಲಿ ಬಿಡು’ವನ್ನು ನಾನು ಎರಡು ವರ್ಷ ಹಿಡಿದು ಕುಳಿತೆ. ನನಗೆ ಅದು ಅನುಕೂಲವಾಗಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ, ಝೆರಾಕ್ಸಿಗೆ ಬಂದ ಯಾರೋ ಇಬ್ಬರಿಗೆ ಅಪ್ಪ ತಮ್ಮನನ್ನು ಪರಿಚಯಿಸಿದರು: “ಇಂವ ಮೊದಲ ಜೂಜಿನವರ ಸಂಗ್ತೀಲೆ ಇದ್ದ. ನಾನೇ ದಾರಿಗಿ ತಂದೀನಿ.” ಕಾಕಾ ನಕ್ಕ. ಚಹಾ ತಂದಿದ್ದ ಕಾಕು ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಅವಳ ಮುಖ—ಆ ಮುಖ ನೋಡಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಬಂದವರು ಹೋದ ಮೇಲೆ ಹೇಳಿದೆ. ಎಲ್ಲವನ್ನೂ. “ಡಾಕ್ಟರ್ ಹೇಳಿಲ್ರಿ ಅಪ್ಪಾ. ಇದು ಜೂಜಿನ ಲೆಕ್ಕ. ನಾನೇ ಮೊಬೈಲಿನಾಗ ಕಲತೀನಿ. ನಿಮಗ ಸುಳ್ಳ ಹೇಳೀನಿ.”

ಅಪ್ಪ ನನ್ನ ಕಡೆ ನೋಡಲಿಲ್ಲ. ತಮ್ಮನನ್ನು ಕೇಳಿದರು, “ನಿನಗ ಗೊತ್ತಿತ್ತೇನು?”

“ಗೊತ್ತಿತ್ತಣ್ಣಾ.”

“ಮದುವಿ ದಿನದಿಂದ?”

“ಹೂಂ.”

“ಮತ್ತ ನಾ ಅಷ್ಟು ಮಂದ್ಯಾಗ ನಿನಗ ಮಾಫ್ ಮಾಡೀನಿ ಅಂದ್ರ, ಸುಮ್ಮನ ಹ್ಯಾಂಗ ಕುಂತಿ?”

ಕಾಕಾ ಎಲೆಗಳನ್ನು ಕೂಡಿಸಿ ಡಬ್ಬಿಗೆ ಹಾಕಿದ.

ಬಸ್ಸು ಸಂತಪುರ ದಾಟಿ ಬೀದರಿಗೆ ಬರುವವರೆಗೂ ಅಪ್ಪ ಕಿಟಕಿಯ ಆಚೆಗೇ ನೋಡುತ್ತಿದ್ದರು. ಎರಡು ಭಾನುವಾರ ಎಲ್ಲಿಗೂ ಹೋಗಲಿಲ್ಲ. ಮೂರನೆಯ ಭಾನುವಾರ ವಿಹಾರದಿಂದ ಬಂದವರು ಬಟ್ಟೆ ಬದಲಿಸದೆ ಚೀಲ ತೆಗೆದುಕೊಂಡರು. “ನಾನೂ ಬರ್ಲೇನ್ರಿ?” ಎಂದೆ. “ಬ್ಯಾಡ. ಪ್ರಕಾಶನ ಜೋಡಿ ನನಗ ಮಾತಾಡೋದದ.” ಸಂಜೆ ಕಾಕು ಫೋನು ಮಾಡಿದಳು—ಗಿರಾಕಿ ಬರುವ ಹೊತ್ತಿನಲ್ಲೇ ಅಂಗಡಿಯ ಶಟರ್ ಅರ್ಧ ಇಳಿಸಿದ್ದರಂತೆ; ಅವಳು ಚಹಾ ಕೊಡಲು ಹೋದ ಎರಡು ಸಲವೂ ಮಾತಾಡುತ್ತಿದ್ದವರು ಅಪ್ಪ, ಕಣ್ಣೊರೆಸಿಕೊಳ್ಳುತ್ತಿದ್ದವರೂ ಅಪ್ಪ. ಏನು ಮಾತು ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಿಲ್ಲ.

ಈಗ ಅಪ್ಪ ಮೊದಲಿನಂತೆ ಔರಾದಿಗೆ ಹೋಗುತ್ತಾರೆ, ಒಬ್ಬರೇ. ಆರೋಗ್ಯ ಚೆನ್ನಾಗಿದೆ. ನನ್ನೊಂದಿಗೆ ಸಿಟ್ಟಿಲ್ಲ, ಊಟಕ್ಕೆ ಕರೆಯುತ್ತಾರೆ, ಪೇಪರು ಓದಿ ಹೇಳುತ್ತಾರೆ. ಆದರೆ ಸಂಜೆ ನನ್ನ ಪಕ್ಕ ಕೂತು ಎಣಿಸುವುದಿಲ್ಲ. ಒಮ್ಮೆ ಮೊಬೈಲ್ ಮುಂದಿಟ್ಟಿದ್ದೆ. “ನೀ ಮಾಡ್ಕೋ ಅವ್ವ” ಅಂದರು, ಅಷ್ಟೆ.

ಅಪ್ಪನ ಮುಂದೆ ನಿಜ ಹೇಳಿದ್ದೇ ಸಾಕು ಎಂದು ಇಷ್ಟು ದಿನ ತಿಳಿದಿದ್ದೆ. ಸಾಲದು. ಕಾಕಾನ ಹತ್ತಿರ, ಕಾಕುವಿನ ಹತ್ತಿರ ನಾನು ಇನ್ನೂ ಕ್ಷಮೆ ಕೇಳಿಲ್ಲ—‘ಇರ್ಲಿ ಬಿಡು’ ಅಂದಾನೆಂಬ ಭರವಸೆಯ ಮೇಲೆ ದಿನ ದೂಡಿದ್ದೇನೆ. ಈ ಭಾನುವಾರ ನಾನೂ ಅದೇ ಬಸ್ಸಿಗೆ ಹೋಗುತ್ತೇನೆ. ಅವನು ಹಾಗೆ ಅನ್ನುವುದಕ್ಕೆ ಮೊದಲೇ, ಕಾಕುವನ್ನೂ ಕರೆದು ಕೂಡಿಸಿ, ಹೇಳಬೇಕು: “ಕಾಕಾ, ಆ ದಿನ ಪೆಂಡಾಲಿನಾಗ ನಾ ಬಾಯಿ ಬಿಡಬೇಕಿತ್ತು.”