ಅಣ್ಣ ಹೇಳಿದ ಅಪಘಾತ

ಮಂಗಳೂರಿನ ಆಸ್ಪತ್ರೆಯಲ್ಲಿ ನನಗೆ ಎಚ್ಚರವಾದಾಗ ಮಂಚದ ಪಕ್ಕ ಅಣ್ಣ ಕೂತಿದ್ದ. ನನ್ನ ತಲೆಯ ಎಡಭಾಗ ಬೋಳಿಸಿ, ಬುರುಡೆ ತೆರೆದು, ಹೆಪ್ಪುಗಟ್ಟಿದ ರಕ್ತ ತೆಗೆದಿದ್ದರು. ಅವನು ಯಾರೆಂದು ಗೊತ್ತಾಯಿತು, ಕರೆಯಲು ಶಬ್ದ ಬರಲಿಲ್ಲ. ಅಂಕೋಲೆಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು ನಾನು. ‘ಅಣ್ಣ’ ಎನ್ನಲು ಒಂಬತ್ತು ದಿನ ಬೇಕಾಯಿತು.

ಅಪಘಾತದ ದಿನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಅದು ಮರಳಿ ಬರುವುದಿಲ್ಲವೆಂದರು ಡಾಕ್ಟರು. ಹಾಗಾಗಿ ಅಣ್ಣನನ್ನೇ ಕೇಳಿದೆ.

“ಯಲ್ಲಾಪುರದ ಮದುವೆ ಮುಗಿಸ್ಕಂಡು ಬರ್ತಿದ್ವು. ಸ್ಕೂಟರ್ ನಾನೇ ಓಡಿಸ್ತೆ ಹೇಳಿ ಹಟ ಮಾಡ್ದೆ ನೀನು. ಸುಂಕಸಾಳದ ಹತ್ರ ಅದಿರಿನ ಲಾರಿ ದಾಟೂಕೆ ಹೋದೆ. ನಾ ಬೇಡ ಅಂದ್ರೂ ಕೇಳ್ಲಿಲ್ಲ.”

ನಂಬಿದೆ. ನಂಬದಿರಲು ನನ್ನ ಹತ್ತಿರ ಏನಿತ್ತು?

ನಮ್ಮೂರು ಕಿನ್ನರದ ಮನೆಗೆ ಬಂದ ಮೇಲೆ ಅಣ್ಣ ಬೈತಖೋಲದ ಐಸ್ ಫ್ಯಾಕ್ಟರಿ ಕೆಲಸಕ್ಕೆ ಎರಡು ತಿಂಗಳು ರಜೆ ಹಾಕಿದ. ನನ್ನ ಸತ್ತಂತಿದ್ದ ಬಲಗೈ ಹಿಡಿದು ಅಂಗಳದಲ್ಲಿ ನಡೆಸಿದ. ಅಡುಗೆಮನೆಯ ಸೌಟು, ಮೆಟ್ಟುಗತ್ತಿ, ಚಿಬ್ಬಲು ತಂದು ಎದುರಿಗಿಟ್ಟು ಹೆಸರು ಹೇಳಿಸುತ್ತಿದ್ದ. ನಾನು ತಡವರಿಸಿದರೆ ಮೊದಲ ಅಕ್ಷರ ತಾನೇ ಹೇಳಿಕೊಡುತ್ತಿದ್ದ. ನೋಡಲು ಬಂದ ನೆಂಟರು, “ಹುಡ್ಗಿಗೆ ಎಂತಕ್ಕೆ ಬೇಕಾಗಿತ್ತು ಈ ಗಾಡಿ ಹುಚ್ಚು?” ಎನ್ನುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಒಂದು ದಿನ ಅವನ ಕೈ ಹಿಡಿದು, “ತಪ್ಪು... ನಂದು” ಎಂದೆ.

“ಹೋಗ್ಲಿ ಬಿಡು ತಂಗಿ” ಎಂದ. ಅವನು ಕ್ಷಮಿಸಿದನೆಂದು ಅತ್ತುಬಿಟ್ಟೆ.

ಒಂದೂವರೆ ವರ್ಷದ ಮೇಲೆ ಮತ್ತೆ ಶಾಲೆಗೆ ಹೋದೆ. ಮಾತು ನಿಧಾನ, ಅಷ್ಟೆ. ಅದೇ ವರ್ಷ ಯಲ್ಲಾಪುರದಲ್ಲಿ ಶಿಕ್ಷಕರ ತರಬೇತಿಯಿತ್ತು. ಬಸ್ಸು ಸುಂಕಸಾಳದಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯ ಹೆಂಗಸು ನನ್ನ ತಲೆಯ ಕಲೆಯನ್ನೇ ನೋಡುತ್ತ ಹೊರಗೆ ಬಂದಳು.

“ಅಮಾ, ನೀವು ಬದುಕಿದ್ರಾ! ಆ ದಿವ್ಸ ನಿಮ್ಮ ತಲೆ ನನ್ನ ತೊಡೆ ಮೇಲೇ ಇತ್ತು. ಓಡಿಸ್ತಿದ್ದವ್ನಿಗೆ ಎಂತದೂ ಆಗ್ಲಿಲ್ಲ, ಹೆಲ್ಮೆಟ್ ಇತ್ತು.”

“ಓಡಿಸ್ತಿದ್ದವನಾ?”

“ಹೌದು. ಒಂದು ಕೈಲಿ ಮೊಬೈಲ್ ಹಿಡ್ಕಂಡೇ ಲಾರಿ ದಾಟೂಕೆ ಬಂದ. ನೀವು ಹಿಂದೆ ಕೂತ್ಕಂಡು ಅವ್ನ ಹೆಗಲು ಬಡೀತಿದ್ರಿ. ಇಲ್ಲೇ ನಿಂತು ನೋಡ್ದೆ.”

ತರಬೇತಿಗೆ ಹೋಗಲಿಲ್ಲ. ಎದುರಿನಿಂದ ಬಂದ ಬಸ್ಸು ಹತ್ತಿದೆ. ಮನೆಯಲ್ಲಿ ಅಣ್ಣ ಊಟಕ್ಕೆ ಕೂತಿದ್ದ, ಮೈಮೇಲೆ ಬಸ್ ಡ್ರೈವರಿನ ಹೊಸ ಖಾಕಿ. ಕೇಳಿದೆ. ಅವನು ತಲೆಯೆತ್ತಲಿಲ್ಲ.

“ಡ್ರೈವರ್ ಕೆಲ್ಸಕ್ಕೆ ಅರ್ಜಿ ಹಾಕಿದ್ದೆ. ನನ್ನ ಮೇಲೆ ಕೇಸಾಗಿದ್ರೆ ಅದು ಹೋಗ್ತಿತ್ತು. ನಿಂಗೆ ಹೇಗೂ ನೆನಪಿರ್ಲಿಲ್ಲ.”

ಪೊಲೀಸರಿಗೆ ಏನು ಬೇಕಾದರೂ ಹೇಳಿಕೊಂಡಿರಲಿ. ಅರ್ಧ ನಾಲಿಗೆಯಲ್ಲಿ ಕೇಳಿದ ನನಗೂ ಅದೇ ಸುಳ್ಳು ಹೇಳಿದ್ದ. ಬಡಿಸುತ್ತಿದ್ದ ಆಯಿಯ ಕಡೆ, ನಮ್ಮಮ್ಮನ ಕಡೆ, ತಿರುಗಿದೆ.

“ಆಸ್ಪತ್ರೇಲೇ ಹೇಳಿದ್ದ ನಂಗೆ” ಎಂದಳು. “ನೀ ಹುಷಾರಾದ್ಯಲ್ಲ. ಈಗೆಂತಕ್ಕೆ ಅದೆಲ್ಲ?”

ಸಿಟ್ಟು ಬಂದರೆ ನನಗೆ ಈಗಲೂ ಶಬ್ದ ಸಿಕ್ಕುವುದಿಲ್ಲ. “ನೀವು ಮಾಡಿದ್ದು... ಮಾಡಿದ್ದು...” ಎಂದು ತಡವರಿಸುತ್ತ ನಿಂತೆ. ಅಣ್ಣ ಅಭ್ಯಾಸಬಲದಿಂದ ಮೆಲ್ಲಗೆ, “ಮೋ...” ಎಂದು ಶುರುಮಾಡಿದವನು, ಬಾಯಿ ಮುಚ್ಚಿಕೊಂಡ.

ಮರುವಾರ ಅಂಕೋಲೆಯಲ್ಲಿ ಬಾಡಿಗೆ ಕೋಣೆ ಹಿಡಿದೆ. ಆಯಿ ಆಗಾಗ ಬರುತ್ತಾಳೆ, ಕೂತು ಮಾತಾಡಿ ಹೋಗುತ್ತಾಳೆ. ಅಣ್ಣ ಬಂದಿಲ್ಲ. ನಿಜ ಏನೆಂದು ನೆಂಟರಿಗೆ ಒಬ್ಬೊಬ್ಬರಿಗೇ ಹೇಳಿದೆ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು, ನನ್ನ ತಲೆ ನೇವರಿಸಿದಳು. ಆಮೇಲೆ ಒಳಗೆ ಹೋಗಿ ಸೊಸೆಯ ಹತ್ತಿರ ಹೇಳಿದ್ದು ನನಗೆ ಕೇಳಿಸಿತು: “ಪಾಪ, ತಲೆಗೆ ಪೆಟ್ಟು ಬಿದ್ದದ್ದು ಅಲ್ದ? ಎಂತೆಂತದೋ ಹೇಳ್ತದೆ.”