ಗುಮೆರ್ಸಿಂದು ಇಡದ ಉಪ್ಪಿನ ಹರಳು

ಬ್ರಸೀಲಿಯಾ ನಗರ ಇನ್ನೂ ಬರೀ ಕೆಂಪು ಧೂಳಾಗಿದ್ದಾಗಲೇ ಗುಮೆರ್ಸಿಂದು ಅಲ್ಲಿನ ಹವಾಮಾನದ ಪಂಡಿತನಾಗಿಬಿಟ್ಟಿದ್ದ. ಸೆಯಾರಾದ ಒಣಸೀಮೆಯಿಂದ ಲಾರಿ ಹತ್ತಿ ಬಂದವನು; ಹೊಸ ರಾಜಧಾನಿಯ ಕೆರೆಗೆ ಕಟ್ಟುತ್ತಿದ್ದ ಅಣೆಕಟ್ಟಿನಲ್ಲಿ ಕಾಂಕ್ರೀಟು ಕೆಲಸ. ಮಾತು ಕೇಳಿದರೆ, ಎಂಜಿನಿಯರುಗಳೆಲ್ಲ ಅವನ ಅಪ್ಪಣೆಗೆ ಕಾದು ನಿಂತಿದ್ದಾರೆ ಅನ್ನಿಸಬೇಕು.

ಕೂಲಿಕಾರರ ಹಲಗೆಮನೆಗಳು ಕಣಿವೆಯ ತಳದಲ್ಲಿದ್ದವು. ಕೆರೆ ತುಂಬಿದರೆ ಮುಳುಗುತ್ತವೆ, ಎತ್ತರಕ್ಕೆ ಹೋಗಿ ಎಂದು ಮೈಕಿನಲ್ಲಿ ಸಾರಿಯಾಗಿತ್ತು. ಸೆಪ್ಟೆಂಬರಿನಲ್ಲಿ ಅಣೆಕಟ್ಟಿನ ಬಾಗಿಲು ಹಾಕಿದರು. ತುಟಿ ಒಡೆದು ರಕ್ತ ಬರುವಂಥ ಒಣಹವೆ. ಅಕ್ಕಪಕ್ಕದವರು ಹಲಗೆ ಕಿತ್ತು ಹೊರಟರೆ, ಗುಮೆರ್ಸಿಂದು ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನಗುತ್ತಿದ್ದ. ಅವನೂರಲ್ಲಿ ಡಿಸೆಂಬರಿನ ಸಂತ ಲೂಸಿಯಾಳ ಹಬ್ಬಕ್ಕೆ ಆರು ಉಪ್ಪಿನ ಹರಳುಗಳನ್ನು ಇಬ್ಬನಿಗೆ ಇಡುತ್ತಾರೆ. ಜನವರಿಯಿಂದ ತಿಂಗಳಿಗೊಂದು ಹರಳು, ಕರಗಿದ ಹರಳಿನ ತಿಂಗಳು ಮಳೆ. ಹರಳಿಡುವ ಮೊದಲೇ ಮಳೆ ಬಂದದ್ದನ್ನು ಅವನ ಅಜ್ಜನೂ ಕಂಡಿರಲಿಲ್ಲ.

ಹೊಲಿಗೆ ಹಾಕುತ್ತಿದ್ದ ಹೆಂಡತಿ ಜೊವೆಲಿನಾ ಯಂತ್ರ ನಿಲ್ಲಿಸಿ ಹೇಳಿದಳು: "ಪಕ್ಕದ್ಮನೆ ಅಮ್ಮ ಈ ಸೀಮೆಯವರೇ ಅಲ್ವಾ. ಜೀರುಂಡೆ ಕೂಗಿದ್ರೆ ಇಲ್ಲಿ ಮಳೆ ಬಂದ ಹಾಗೇ ಅಂತಾರೆ. ಬೆಳಿಗ್ಗೆಯಿಂದ ಕೂಗ್ತಿದಾವೆ."

"ಹುಳದ ಮಾತು ಕೇಳ್ಕೊಂಡು ಮನೆ ಬಿಡ್ಲಾ? ಲೂಸಿಯಾ ಹಬ್ಬ ಇನ್ನೂ ಎಲ್ಲೋ ಇದೆ ಕಣೆ. ಅಷ್ಟಕ್ಕೂ ಆ ಅಣೆಕಟ್ಟು ಕಟ್ಟಿದ್ಯಾರು?"

ಹೀಗಂದು ಕೆಲಸಕ್ಕೆ ಹೋದವನನ್ನು ಮಳೆ ಅಲ್ಲೇ ಹಿಡಿದು ಹಾಕಿತು. ದಾರಿ ಕೆಸರಾಗಿ ಲಾರಿಗಳು ನಿಂತವು. ವಾರವಿಡೀ ಅವನು ಅಣೆಕಟ್ಟಿನ ಗೋಡೆಯನ್ನೇ ನೋಡಿದ. ಎಲ್ಲೂ ಸೋರುತ್ತಿಲ್ಲವೆಂದು ಕಂಡಕಂಡವರಿಗೆಲ್ಲ ತೋರಿಸಿದ. ಸೋರದ ನೀರು ಹಿಂದಕ್ಕೆ ಹೋಗಬೇಕಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಮಳೆ ನಿಂತಾಗ ಹೆಂಡತಿಗೆಂದು ಒಂದಿಷ್ಟು ಒಣಮಾಂಸ ಕಟ್ಟಿಸಿಕೊಂಡು ನಡೆದು ಬಂದ. ಮನೆಯ ದಾರಿ ಇಳಿಜಾರಿನ ಅರ್ಧದಲ್ಲೇ ನೀರಿಗಿಳಿದಿತ್ತು. ದೂರದಲ್ಲಿ ಒಂದು ಸೂರು. ಅವನದೇ. ಅದರ ಪಕ್ಕ ಅವನ ಕುರ್ಚಿ ತೇಲುತ್ತಿತ್ತು.

ಈಜು ಬಾರದವನು ಎದೆಮಟ್ಟ ನೀರಿಗೆ ಇಳಿದ. ಜೊವೆಲಿನಾ, ಜೊವೆಲಿನಾ ಎಂದು ಸೂರಿನ ಕಡೆಗೆ ಕೂಗಿದ.

"ಮೇಲೆ ನೋಡಿ," ಎಂದು ದಿಬ್ಬದಿಂದ ಅವಳ ದನಿ ಬಂತು. ಅವನು ಹೋದ ದಿನವೇ ಪಕ್ಕದ ಮನೆಯವರ ಗಾಡಿಯಲ್ಲಿ ಹೊಲಿಗೆ ಯಂತ್ರ ಹೇರಿಕೊಂಡು ಹೊರಟುಬಿಟ್ಟಿದ್ದಳು.

ಅವನು ತೆವಳಿಕೊಂಡು ಹತ್ತಿ ಬಂದು ಕೆಸರಲ್ಲೇ ಕೂತ. ಜೊವೆಲಿನಾ ಅವನ ತಲೆ ಒರೆಸಿದಳು. ಆಮೇಲೆ ನೀರಿನ ಕಡೆ ನೋಡಿ, "ನಿಮ್ಮ ಗೋಡೆ ಗಟ್ಟಿಯಾಗಿದೆ ಬಿಡಿ," ಎಂದಳು. "ಒಂದ್ಹನಿನೂ ಸೋರಿಲ್ಲ."

ಆ ಡಿಸೆಂಬರಿನಲ್ಲಿ ಮನೆಯ ಉಪ್ಪೆಲ್ಲ ಅಡಿಗೆಗೇ ಹೋಯಿತು. ಮುದುಕನಾದ ಮೇಲೂ ಗುಮೆರ್ಸಿಂದು ರಾಜಧಾನಿಯನ್ನು ತಾನೇ ಕಟ್ಟಿದೆನೆಂದು ಹೇಳುತ್ತಿದ್ದ. ಆದರೆ ವರ್ಷದ ಮೊದಲ ಜೀರುಂಡೆ ಕೂಗಿತೆಂದರೆ ಮಾತು ಅರ್ಧಕ್ಕೇ ಬಿಟ್ಟು, ಹೆಂಡತಿ ಎಲ್ಲಿದ್ದಾಳೆಂದು ಒಳಗೆ ಹೋಗಿ ನೋಡಿ ಬರುತ್ತಿದ್ದ.