ಕೆರೆಗೆ ಇಳಿಯುವ ಮೆಟ್ಟಿಲು

ನಾನು ಮದುವೆಯಾಗಿ ಬಂದದ್ದು ಮಲ್ಲತ್ತಹಳ್ಳಿಯ ಆಚೆಗಿನ ಊರಿಗೆ. ಆ ಊರ ಕೆರೆ ದಂಡೆಗೆ ಪಾರ್ಕಿನ ನಕ್ಷೆ ಬರೆಯುವ ಕೆಲಸ ನನಗೇ ಬಂದಾಗ ಅತ್ತೆ ಬೀದಿಯೆಲ್ಲ ಸಾರಿಕೊಂಡು ಬಂದರು. ಊರಿನ ಇತಿಹಾಸ ಕಾಣಬೇಕೆಂದು ಕಚೇರಿಯವರ ಅಪ್ಪಣೆ. ಇತಿಹಾಸವೆಂದರೆ ಅವರಿಗೆ ಸಿಮೆಂಟಿನ ಬೊಂಬೆಗಳು. ಒಬ್ಬ ರೈತ, ಒಂದು ಎತ್ತಿನ ಗಾಡಿ, ಬಿಂದಿಗೆ ಹೊತ್ತ ಒಬ್ಬ ಹೆಂಗಸು. ನೀರಿನ ಸುತ್ತ ಮಾತ್ರ ಆಳೆತ್ತರದ ಕಬ್ಬಿಣದ ಬೇಲಿ.

ನಡುಮನೆಯಲ್ಲಿ ನಕ್ಷೆ ಹರಡಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಬಗ್ಗಿ ನೋಡಿದರು.

“ಎಲ್ಲಾ ಚೆನ್ನಾಗೈತೆ ಕಣಮ್ಮ. ನೀರಿಗೆ ಇಳಿಯೋದು ಎಲ್ಲಿಂದ?”

“ಇಳಿಯೋ ಹಂಗಿಲ್ಲ ಅತ್ತೆ.”

“ಮತ್ತೆ ಗಂಗೆ ಪೂಜೆ?”

ಬಾಣಂತಿ ಮೊದಲ ಸಲ ಹೊರಗೆ ಬಂದಾಗ ಕೆರೆ ದಡದಲ್ಲಿ ಗಂಗಮ್ಮನಿಗೆ ಪೂಜೆ ಮಾಡಿ, ಬಿಂದಿಗೆಯಲ್ಲಿ ನೀರು ತುಂಬಿಕೊಂಡು ಮನೆಗೆ ಬರುವುದು ಆ ಊರಿನ ಪದ್ಧತಿ. ನಲ್ಲಿ ಬಂದ ಮೇಲೆ ಎಲ್ಲರೂ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು. ನನ್ನ ಬಾಣಂತನದಲ್ಲಿ ನಾನೂ ಸಂಪಿನ ಮುಚ್ಚಳಕ್ಕೆ ಹೂವಿಟ್ಟವಳೇ. ನಗು ತಡೆದುಕೊಂಡಿದ್ದೇ ದೊಡ್ಡದು! ಈಗ ನಾದಿನಿ ಬಸುರಿ. ಅವಳನ್ನು ಹೆತ್ತಾಗ ತಾನು ನೀರು ತುಂಬಿದ ಕಲ್ಲಿನ ಮೆಟ್ಟಿಲಲ್ಲೇ ಮಗಳೂ ತುಂಬಬೇಕೆಂಬುದು ಅತ್ತೆಯ ಆಸೆ. ಅವರು ಇದುವರೆಗೆ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ.

ಮೆಟ್ಟಿಲು ಉಳಿಯಲಿ ಎಂದು ಎಂಜಿನಿಯರಿಗೆ ಹೇಳಿದೆ.

“ಮೇಡಂ, ಮಕ್ಕಳು ಬಿದ್ರೆ ಯಾರ್ ಜವಾಬ್ದಾರಿ?”

“ಬಿಂದಿಗೆ ಹೊತ್ತ ಬೊಂಬೆ ನಿಲ್ಲಿಸ್ತೀರಿ, ಬಿಂದಿಗೆ ಹಿಡ್ಕೊಂಡು ಬಂದೋಳನ್ನ ಬೇಲಿ ಆಚೆ ನಿಲ್ಲಿಸ್ತೀರಾ ಸಾರ್?”

ನನ್ನ ಬಾಯಿ ಮೊದಲೇ ಜೋರು. ಮಾತಿಗೆ ಮಾತು ಬೆಳೆದು, ಕೊನೆಗೆ ಆ ಬೊಂಬೆಯನ್ನು ಕೈಬಿಟ್ಟು ಬೇಲಿಗೊಂದು ಗೇಟು ಇಡಿಸಿಕೊಂಡೆ. ಅದರ ಕೆಳಗೆ ಹಳೆಯ ಮೆಟ್ಟಿಲು ಹಾಗೇ ಉಳಿಯಿತು.

ಪಾರ್ಕು ಮುಗಿಯುವ ಹೊತ್ತಿಗೆ ಮಗುವೂ ಹುಟ್ಟಿತ್ತು. ಪೂಜೆಯ ಬೆಳಗ್ಗೆ ಗೇಟು ತೆಗೆಸಿ ಇಳಿದೆವು. ಮಗು ನನ್ನ ತೋಳಲ್ಲಿ. ಮನೆಯಿಂದ ಹೊರಡುವಾಗಲೇ ಅತ್ತೆ ಬಿಂದಿಗೆಗೆ ನಲ್ಲಿ ನೀರು ತುಂಬಿಸಿದ್ದರು. ಕಲ್ಲು ತೊಳೆಯುವುದಕ್ಕೆ ಇರಬೇಕೆಂದುಕೊಂಡೆ. ಕೆರೆಯ ನೀರು ಹಸಿರುಗಟ್ಟಿ, ಅಂಚಿನಲ್ಲಿ ಬಚ್ಚಲ ನೊರೆ ನಿಂತಿತ್ತು. ದಿನಾ ಕಾಣುವ ನೀರೇ. ಆದರೂ ಹಸುಗೂಸನ್ನು ಎತ್ತಿಕೊಂಡು ನೋಡಿದವಳೇ ಅದರ ಮುಖಕ್ಕೆ ಸೆರಗು ಮರೆ ಮಾಡಿದೆ.

ಅತ್ತೆ ಕಲ್ಲಿಗೆ ಅರಿಶಿನ ಹಚ್ಚಿ, ಹೂವಿಟ್ಟು ಕೈಮುಗಿದರು. ನಾದಿನಿ ಅಳುಕುತ್ತಾ ಕೇಳಿದಳು, “ಇದನ್ನ ಚೆಲ್ಲಿ ಕೆರೆ ನೀರು ತುಂಬ್ಲಾ ಅಮ್ಮ?”

“ಬ್ಯಾಡ. ಇದನ್ನ ಗಂಗಮ್ಮಂಗೇ ಹುಯ್ಯಿ. ನಮ್ಮನ್ನೆಲ್ಲ ಸಾಕಿದೋಳು. ಈಗ ಅವಳಿಗೇ ಬಾಣಂತನ ಮಾಡ್ಬೇಕು ಕಣೇ.”

ನಾದಿನಿ ಮೆಟ್ಟಿಲ ಮೇಲೆ ಕೂತು ಬಿಂದಿಗೆ ಬಗ್ಗಿಸಿದಳು. ನೊರೆ ಒಂಚೂರು ಆಚೆ ಸರಿಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳ ಕೈ ಹಿಡಿದು ತಡೆದರು.

“ತಳದಲ್ಲಿ ಒಂದು ಬೊಗಸೆ ಉಳಿಸ್ಕೋ. ಖಾಲಿ ಬಿಂದಿಗೆ ಮನೆಗೆ ತರಬಾರದು.”